ಮಾತ್ರೆಗೆ ಬಗ್ಗದ ಫಿಟ್ಸ್: ಸ್ಕ್ಯಾನ್ ಮತ್ತು ಆಪರೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಮ್ಮನಿಗೆ 10ನೇ ವಯಸ್ಸಿಗೆ ಫಿಟ್ಸ್ ಶುರುವಾಯಿತು. 24ಕ್ಕೆ ಮೆದುಳಿನ ಆಪರೇಷನ್ ಆಯಿತು. ಈಗ ಆರು ವರ್ಷ ಕಳೆದಿದೆ, ಒಂದು ಸಲವೂ ಬಂದಿಲ್ಲ. ನಡುವಿನ ಆ 14 ವರ್ಷದಲ್ಲಿ ಹತ್ತು ವರ್ಷವನ್ನಾದರೂ ನಾವು ಸುಮ್ನೆ ಕಳೆದೆವು. ಫಿಟ್ಸ್‌ಗೆ ಆಪರೇಷನ್ ಅಂತ ಒಂದಿದೆ ಅನ್ನುವುದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ನೆಂಟರು, ನೆಂಟರ ನೆಂಟರು, ಊರಿನವರು ಫೋನ್ ಮಾಡಿ ಕೇಳುತ್ತಾರೆ. ಎಲ್ಲರೂ ಹೆಚ್ಚು ಕಡಿಮೆ ಅದೇ ಪ್ರಶ್ನೆ ಕೇಳುತ್ತಾರೆ. ಅವನ್ನೇ ಇಲ್ಲಿ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ಗೊತ್ತಿರಲಿ ಅಂತ ಬರೆದಿದ್ದೇನೆ.

ಮಾತ್ರೆಗೆ ಬಗ್ಗದ ಫಿಟ್ಸ್ ಅಂತ ಯಾವಾಗ ಹೇಳುತ್ತಾರೆ?

ಕಾಯಿಲೆಗೆ ಹೊಂದುವ ಎರಡು ಔಷಧಗಳನ್ನು ಸರಿಯಾದ ಡೋಸಿನಲ್ಲಿ, ತಪ್ಪದೆ ತೆಗೆದುಕೊಂಡೂ ಫಿಟ್ಸ್ ನಿಲ್ಲದಿದ್ದಾಗ. ಅವನ್ನು ಒಂದಾದ ಮೇಲೊಂದು ಕೊಟ್ಟಿರಬಹುದು, ಒಟ್ಟಿಗೇ ಕೊಟ್ಟಿರಬಹುದು. ಮೂರ್ಛೆ ರೋಗದ ಅಂತರರಾಷ್ಟ್ರೀಯ ಸಂಘ 2010ರಲ್ಲಿ ಹೀಗೆ ಗೆರೆ ಎಳೆಯಿತು. ಎರಡೇ ಎರಡು ಔಷಧ.

ಯಾಕೆ ಎರಡು? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 470 ಹೊಸ ರೋಗಿಗಳನ್ನು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದರು. ಆ ಲೆಕ್ಕ 2000ದಲ್ಲಿ ಪ್ರಕಟವಾಯಿತು. ಮೊದಲ ಔಷಧಕ್ಕೇ ನೂರಕ್ಕೆ 47 ಜನರ ಫಿಟ್ಸ್ ನಿಂತಿತ್ತು. ಎರಡನೆಯದಕ್ಕೆ ಇನ್ನು 13 ಜನರದ್ದು. ಮೂರನೆಯದಕ್ಕೆ ಬರೀ 1. ಎರಡು ಸೋತ ಮೇಲೆ ಮೂರು, ನಾಲ್ಕು ಅಂತ ಬದಲಾಯಿಸುತ್ತಾ ಹೋದರೆ ಸಿಗುವುದು ಬಹಳ ಕಡಿಮೆ ಅಂತ ಅರ್ಥ.

ಒಂದು ದಿನ ತಮ್ಮನ ಹಳೇ ಚೀಟಿಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಜೋಡಿಸಿದೆ. ಕಾರ್ಬಮಜೆಪೈನ್, ಫೆನಿಟಾಯಿನ್, ವಾಲ್ಪ್ರೋಯೇಟ್, ಕ್ಲೋಬಜಾಮ್, ಲೆವೆಟಿರಾಸಿಟಾಮ್. ಎರಡನೆಯದು ಸೋತ ಚೀಟಿಯ ತಾರೀಖು ನೋಡಿದರೆ ಅವನಿಗಾಗ 12 ವರ್ಷ. ಅವತ್ತೇ ಯಾರಾದರೂ ದಾರಿ ತೋರಿಸಿದ್ದರೆ ಅವನ ಹೈಸ್ಕೂಲು, ಪಿಯುಸಿ ಬೇರೆ ಥರ ಇರುತ್ತಿದ್ದವು. ನಮ್ಮೊಬ್ಬರ ಕಥೆ ಅಲ್ಲ ಇದು. ಯುರೋಪಿನ 12 ದೇಶಗಳಲ್ಲಿ ಆಪರೇಷನ್ ಆದ 9,523 ಜನರ ಲೆಕ್ಕ 2017ರಲ್ಲಿ ಬಂತು. ಅವರಲ್ಲಿ ದೊಡ್ಡವರು ಆಪರೇಷನ್ ಟೇಬಲ್ ತಲುಪುವ ಹೊತ್ತಿಗೆ ಫಿಟ್ಸ್ ಶುರುವಾಗಿ ಸರಾಸರಿ 20 ವರ್ಷ ಆಗಿತ್ತು.

ಹಾಗಾದರೆ ಎರಡು ಮಾತ್ರೆ ಸೋತವರೆಲ್ಲ ಆಪರೇಷನ್ ಮಾಡಿಸಬೇಕಾ?

ಇಲ್ಲ. ಆಪರೇಷನ್ ಆಗುತ್ತದಾ ಅಂತ ಪರೀಕ್ಷೆ ಮಾಡಿಸಬೇಕು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಪರೀಕ್ಷೆಗೆ ಹೋದ ತಕ್ಷಣ ತಲೆ ತೆರೆಯುತ್ತಾರೆ ಅಂತ ಹೆದರಿ ಮನೆಯಲ್ಲೇ ಉಳಿದವರನ್ನು ನೋಡಿದ್ದೇನೆ.

ಅದಕ್ಕೂ ಮೊದಲು ಮಾತ್ರೆ ನಿಜವಾಗಿಯೂ ಸೋತಿದೆಯಾ ಅಂತ ನೋಡಬೇಕು. ಹಬ್ಬ, ಉಪವಾಸ, ಊರಿಗೆ ಹೋಗಿದ್ದು ಅಂತ ಡೋಸ್ ತಪ್ಪಿರುತ್ತದೆ. ಕೆಲವು ಜಾತಿಯ ಫಿಟ್ಸ್‌ಗೆ ಕೆಲವು ಮಾತ್ರೆ ಹೊಂದುವುದಿಲ್ಲ, ಕೊಟ್ಟರೆ ಜಾಸ್ತಿಯೇ ಆಗುತ್ತದೆ. ಇನ್ನು ಕೆಲವರಿಗೆ ಬರುವುದು ನೋಡಲು ಫಿಟ್ಸ್ ಥರ ಇದ್ದರೂ ಮನಸ್ಸಿನ ಒತ್ತಡದಿಂದ ಬರುವಂಥದ್ದು. ಅದು ನಾಟಕ ಅಲ್ಲ, ಅವರ ಕಷ್ಟ ನಿಜವಾದದ್ದೇ. ಆದರೆ ಅದರ ಚಿಕಿತ್ಸೆ ಬೇರೆ.

ಹೊಸದಾಗಿ ಕಾಯಿಲೆ ಗೊತ್ತಾದವರು ಇದನ್ನು ಓದಿ ಗಾಬರಿಯಾಗಬೇಡಿ. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿತ್ತು. ಅದರ ವರದಿ 2001ರಲ್ಲಿ ಬಂತು. ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಯನ್ನೇ ಬಿಡದೆ ತೆಗೆದುಕೊಂಡ ಬಹಳ ಜನರಿಗೆ ಫಿಟ್ಸ್ ಹತೋಟಿಗೆ ಬಂದಿತ್ತು. ಈ ಪುಟ ಅಷ್ಟು ಮಾಡಿಯೂ ನಿಲ್ಲದವರಿಗೆ.

ನಮ್ಮ ಎಂಆರ್‌ಐ ನಾರ್ಮಲ್ ಅಂತ ಬಂದಿದೆ. ಮತ್ತೆ ಯಾಕೆ ಮಾಡಿಸಬೇಕು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನನ್ನ ಎದೆಯಲ್ಲಿ ಇನ್ನೂ ಚುಚ್ಚುವುದೂ ಇದೇ.

ತಮ್ಮನಿಗೆ 15 ವರ್ಷ ಇದ್ದಾಗ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಮಾಡಿಸಿದೆವು. ರಿಪೋರ್ಟಿನಲ್ಲಿ ಎರಡೇ ಸಾಲು, ಮೆದುಳು ನಾರ್ಮಲ್. ಅಮ್ಮ ಖುಷಿಯಿಂದ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿ ಬಂದಳು. ಏಳು ವರ್ಷದ ಮೇಲೆ ಮೂರ್ಛೆ ರೋಗದ ಕ್ಲಿನಿಕ್ಕಿನ ಡಾಕ್ಟರು ಅದೇ ಹಳೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಇದರಲ್ಲಿ ನೋಡಬೇಕಾದ ಜಾಗವನ್ನೇ ಸರಿಯಾಗಿ ತೆಗೆದಿಲ್ಲ" ಅಂದರು.

ಆ ಜಾಗದ ಹೆಸರು ಹಿಪೊಕ್ಯಾಂಪಸ್. ಕಿವಿಯ ನೇರಕ್ಕೆ ಒಳಗೆ, ಎರಡೂ ಬದಿಗೆ ಒಂದೊಂದು ಇರುತ್ತದೆ. ಆಕಾರ ಸಮುದ್ರಕುದುರೆ ಥರ, ಉದ್ದ ಸುಮಾರು ನಾಲ್ಕು ಸೆಂಟಿಮೀಟರ್. ಸಾಮಾನ್ಯ ಎಂಆರ್‌ಐನಲ್ಲಿ ಮೆದುಳನ್ನು ನಾಲ್ಕೈದು ಮಿಲಿಮೀಟರ್ ದಪ್ಪದ ಪದರಗಳಲ್ಲಿ ತೆಗೆಯುತ್ತಾರೆ. ಇಷ್ಟು ಚಿಕ್ಕ ಭಾಗದಲ್ಲಿನ ಸಣ್ಣ ಕುಗ್ಗುವಿಕೆ ಆ ಪದರಗಳ ನಡುವೆ ಕಳೆದುಹೋಗುತ್ತದೆ. ಈರುಳ್ಳಿಯನ್ನು ದಪ್ಪ ಬಿಲ್ಲೆಗಳಾಗಿ ಹೆಚ್ಚಿದರೆ ಒಳಗಿನ ಸಣ್ಣ ಕೊಳೆತ ತಪ್ಪಿಹೋಗುವ ಹಾಗೆ.

ಮೂರ್ಛೆ ರೋಗಕ್ಕೆಂದೇ ಬೇರೆ ಕ್ರಮವಿದೆ. ಅದಕ್ಕೆ ಎಪಿಲೆಪ್ಸಿ ಪ್ರೋಟೋಕಾಲ್ ಅನ್ನುತ್ತಾರೆ. ಇಡೀ ಮೆದುಳನ್ನು ಸುಮಾರು ಒಂದು ಮಿಲಿಮೀಟರ್ ಪದರಗಳಲ್ಲಿ ತೆಗೆಯುತ್ತಾರೆ. ಫ್ಲೇರ್ ಅನ್ನುವ ಚಿತ್ರದಲ್ಲಿ ಗಾಯದ ಕಲೆ ಬೆಳ್ಳಗೆ ಎದ್ದು ಕಾಣುತ್ತದೆ. ಇನ್ನೊಂದು ಚಿತ್ರವನ್ನು ಹಿಪೊಕ್ಯಾಂಪಸ್‌ನ ಉದ್ದಕ್ಕೆ ಅಡ್ಡಲಾಗಿ ಕತ್ತರಿಸಿದ ಹಾಗೆ ತೆಗೆಯುತ್ತಾರೆ. ಕಾಂತಶಕ್ತಿ ಹೆಚ್ಚಿರುವ 3 ಟೆಸ್ಲಾ ಯಂತ್ರವಾದರೆ ಇನ್ನೂ ಒಳ್ಳೆಯದು.

ಯಂತ್ರ ಒಂದೇ ಸಾಲದು. ಫಿಟ್ಸ್ ಎಲ್ಲಿಂದ ಹೊರಡುತ್ತಿರಬಹುದು ಅಂತ ನೋಡುವವರಿಗೆ ಮೊದಲೇ ಗೊತ್ತಿರಬೇಕು. ಸ್ಕ್ಯಾನ್ ಚೀಟಿಯಲ್ಲಿ ಬರೀ 'ಫಿಟ್ಸ್' ಅಂತ ಬರೆದು ಕಳಿಸುವುದಕ್ಕೂ 'ಎಡ ಟೆಂಪೊರಲ್ ಲೋಬ್ ಮೇಲೆ ಅನುಮಾನ' ಅಂತ ಬರೆಯುವುದಕ್ಕೂ ಫಲದಲ್ಲಿ ವ್ಯತ್ಯಾಸ ಇರುತ್ತದೆ. ಟೆಂಪೊರಲ್ ಲೋಬ್ ಅಂದರೆ ಕಿವಿಯ ಬದಿಗಿರುವ ಮೆದುಳಿನ ಭಾಗ, ಹಿಪೊಕ್ಯಾಂಪಸ್ ಇರುವುದು ಅದರೊಳಗೇ. ಎರಡನೇ ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ ತೋರಿಸಿದರು. ಬಲಗಡೆ ದುಂಡಗೆ, ತುಂಬಿಕೊಂಡ ಒಂದು ಸುರುಳಿ. ಎಡಗಡೆಯದು ಬಾಡಿದ ಎಲೆ ಹಾಗೆ ಮುದುಡಿ ಬೆಳ್ಳಗಾಗಿತ್ತು. ನನ್ನ ಕಣ್ಣಿಗೂ ಕಾಣಿಸಿತು. ಅಮ್ಮನಿಗೂ ಕಾಣಿಸಿತು.

ಆಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಮಗು ಇದ್ದಾಗ ಜ್ವರದಲ್ಲಿ ಫಿಟ್ಸ್ ಬಂದಿತ್ತಾ?" ಬಂದಿತ್ತು. ಒಂದೂವರೆ ವರ್ಷಕ್ಕೆ, ಅರ್ಧ ಗಂಟೆ ನಿಂತಿರಲಿಲ್ಲ. ಹೀಗೆ ಹಿಪೊಕ್ಯಾಂಪಸ್ ಕುಗ್ಗಿದ ಬಹಳ ಜನರ ಬಾಲ್ಯದಲ್ಲಿ ಹೀಗೊಂದು ಉದ್ದದ ಜ್ವರದ ಫಿಟ್ಸ್ ಇರುತ್ತದಂತೆ. ಆಮೇಲೆ ಕೆಲವು ವರ್ಷ ಏನೂ ಇರುವುದಿಲ್ಲ, ನಂತರ ಶುರುವಾಗುತ್ತದೆ. ಜ್ವರಕ್ಕೆ ಫಿಟ್ಸ್ ಬಂದ ಮಕ್ಕಳೆಲ್ಲರಿಗೂ ಹೀಗಾಗುತ್ತದೆ ಅಂತ ಅಲ್ಲ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ.

ಎಂಆರ್‌ಐಗೆ ಹೋಗುವಾಗ ತಾಳಿ, ತಾಯತ ತೆಗೆಯಬೇಕಾ?

ತೆಗೆಯಬೇಕು. ಲೋಹದ್ದು ಏನೂ ಒಳಗೆ ಹೋಗಬಾರದು. ತಾಮ್ರದ ತಾಯತ, ಕಾಲುಂಗುರ, ಹೇರ್‌ಪಿನ್ನು, ಉಡಿದಾರದ ಬೆಳ್ಳಿ ಎಲ್ಲ. ಮುಜುಗರ ಇದ್ದರೆ ತಾಳಿ ಬದಲು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಳ್ಳಬಹುದು. ಪೇಸ್‌ಮೇಕರ್, ಮೂಳೆಗೆ ಹಾಕಿದ ರಾಡು ಇದ್ದರೆ ಮೊದಲೇ ಹೇಳಿ. ಸದ್ದು ಜೋರು, ಆದರೆ ನೋವಿಲ್ಲ. ಎಕ್ಸ್‌ರೇ ಥರದ ವಿಕಿರಣವೂ ಇಲ್ಲ.

ಸ್ಕ್ಯಾನ್‌ನಲ್ಲಿ ಇನ್ನೇನು ಸಿಗಬಹುದು?

ದೊಡ್ಡವರಲ್ಲಿ ಆಪರೇಷನ್ ಮಾಡಿ ತೆಗೆದ ಭಾಗಗಳಲ್ಲಿ ಹಿಪೊಕ್ಯಾಂಪಸ್ ಕುಗ್ಗಿದ್ದೇ ಅತಿ ಹೆಚ್ಚು. ಮಕ್ಕಳಲ್ಲಿ ಜಾಸ್ತಿ ಸಿಗುವುದು ಮೆದುಳಿನ ಹೊರಪದರ ಗರ್ಭದಲ್ಲಿದ್ದಾಗಲೇ ಸರಿಯಾಗಿ ಜೋಡಣೆ ಆಗದೆ ಉಳಿದ ಜಾಗಗಳು. ಡಿಸ್‌ಪ್ಲೇಸಿಯಾ ಅನ್ನುತ್ತಾರೆ. ಇವು ಕೆಲವೊಮ್ಮೆ ಎಷ್ಟು ಸಣ್ಣವು ಅಂದರೆ ಪಳಗಿದ ಕಣ್ಣಿಗೂ ಎರಡನೇ, ಮೂರನೇ ಸಲಕ್ಕೆ ಸಿಗುತ್ತವೆ. ನಿಧಾನ ಬೆಳೆಯುವ ಸಣ್ಣ ಗಡ್ಡೆ, ರಕ್ತನಾಳದ ಗಂಟು, ಹಳೇ ಪೆಟ್ಟಿನ ಕಲೆ ಕೂಡ ಇರಬಹುದು.

ನಮ್ಮ ದೇಶದಲ್ಲಿ ಇನ್ನೊಂದಿದೆ, ಲಾಡಿಹುಳುವಿನ ಮೊಟ್ಟೆಯಿಂದ ಮೆದುಳಿನಲ್ಲಿ ಆದ ಗಂಟು. ಒಣಗಿ ಸುಣ್ಣದ ಚುಕ್ಕಿಯಾಗಿ ಉಳಿದಿರುತ್ತದೆ. ಇದು ಕಂಡ ತಕ್ಷಣ ಆಪರೇಷನ್ ಅಂತ ಹೆದರಬೇಡಿ, ಹೆಚ್ಚಿನವರಿಗೆ ಮಾತ್ರೆಯೇ ಸಾಕು.

ವಿಡಿಯೋ ಇಇಜಿ ಅಂದರೆ ಏನು? ಆಸ್ಪತ್ರೆಯಲ್ಲಿ ಬೇಕಂತಲೇ ಫಿಟ್ಸ್ ಬರಿಸುತ್ತಾರಂತೆ, ನಿಜವಾ?

ಅರ್ಧ ನಿಜ. ಸ್ಕ್ಯಾನ್‌ನಲ್ಲಿ ಕಲೆ ಕಂಡರೆ ಸಾಲದು, ಫಿಟ್ಸ್ ಅಲ್ಲಿಂದಲೇ ಹೊರಡುತ್ತಿದೆ ಅಂತ ಖಚಿತ ಆಗಬೇಕು. ಅದಕ್ಕೆ ತಲೆಗೆ ಇಪ್ಪತ್ತಕ್ಕೂ ಹೆಚ್ಚು ತಂತಿ ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟು, ಮೆದುಳಿನ ವಿದ್ಯುತ್ ಅಲೆಗಳನ್ನೂ ರೋಗಿಯ ವಿಡಿಯೋವನ್ನೂ ಕೆಲವು ದಿನ ಹಗಲೂ ರಾತ್ರಿ ರೆಕಾರ್ಡ್ ಮಾಡುತ್ತಾರೆ. ಮಾತ್ರೆಯನ್ನು ನಿಧಾನಕ್ಕೆ ಇಳಿಸುತ್ತಾರೆ, ನಿದ್ದೆ ಕಡಿಮೆ ಮಾಡಿಸುತ್ತಾರೆ. ನರ್ಸು, ಇಂಜೆಕ್ಷನ್ ಎಲ್ಲ ಪಕ್ಕದಲ್ಲೇ ಇರುತ್ತದೆ. ಮನೆಯಲ್ಲಿ ಯಾವತ್ತೂ ನೀವಾಗಿ ಮಾತ್ರೆ ಇಳಿಸಬೇಡಿ. ಫಿಟ್ಸ್ ನಿಲ್ಲದೆ ಪ್ರಾಣಕ್ಕೇ ಬರಬಹುದು. ಹೋಗುವ ಹಿಂದಿನ ದಿನ ತಲೆ ತೊಳೆದುಕೊಳ್ಳಿ, ಎಣ್ಣೆ ಹಚ್ಚಬೇಡಿ, ತಂತಿ ನಿಲ್ಲುವುದಿಲ್ಲ.

ಜೊತೆಗೆ ಇದ್ದವಳು ನಾನು. ಕೈಗೆ ಒಂದು ಬಟನ್ ಕೊಟ್ಟಿದ್ದರು. ಎರಡು ದಿನ ಏನೂ ಆಗಲಿಲ್ಲ. ಫಿಟ್ಸ್ ಬರಲಿ ಅಂತ ಜೀವನದಲ್ಲಿ ಮೊದಲ ಸಲ ಕಾದಿದ್ದು ಆಗ. ಮೂರನೇ ದಿನ ಬೆಳಗಿನ ಜಾವ ನಾಲ್ಕು ಗಂಟೆ ಸುಮಾರಿಗೆ "ಅಕ್ಕಾ, ಹೊಟ್ಟೆಯಿಂದ ಎದ್ದು ಬರ್ತಿದೆ" ಅಂದ. ಬಟನ್ ಒತ್ತಿದೆ. ಅವನ ಕಣ್ಣು ನಿಂತಿತು. ಎಲೆಯಡಿಕೆ ಜಗಿಯುವ ಹಾಗೆ ಬಾಯಿ ಆಡತೊಡಗಿತು. ಎಡಗೈ ಹೊದಿಕೆಯನ್ನು ಚಿವುಟುತ್ತಿತ್ತು, ಬಲಗೈ ಸೆಟೆದು ತಿರುಚಿಕೊಂಡಿತ್ತು. ನರ್ಸ್ ಓಡಿ ಬಂದು ಹೊದಿಕೆ ಎಳೆದು, "ನಿನ್ನ ಹೆಸರೇನು? ಮಾವಿನಹಣ್ಣು, ಈ ಪದ ನೆನಪಿಟ್ಟುಕೋ" ಅಂದರು. ಒಂದೂವರೆ ನಿಮಿಷಕ್ಕೆ ನಿಂತಿತು. ಎಡಗೈಯಲ್ಲೇ ಮೂಗು ಒರೆಸಿಕೊಂಡ.

ನರ್ಸ್ ಪೆನ್ನು ತೋರಿಸಿ ಇದೇನು ಅಂತ ಕೇಳಿದರು. ಅವನಿಗೆ ಗೊತ್ತಿತ್ತು, ಗಾಳಿಯಲ್ಲಿ ಬರೆದು ತೋರಿಸಿದ. ಪದ ಬರಲಿಲ್ಲ. "ಅದು... ಬರೆಯೋದು" ಅಂದ. ಪೆನ್ನು ಅನ್ನಲು ಮೂರು ನಿಮಿಷ ಹಿಡಿಯಿತು. ಮಾವಿನಹಣ್ಣು ನೆನಪಿಗೆ ಬರಲೇ ಇಲ್ಲ.

ಹದಿಮೂರು ವರ್ಷ ನಾವು ಇದನ್ನೆಲ್ಲ ನೋಡಿದ್ದೆವು, ಏನೂ ಅರ್ಥವಾಗಿರಲಿಲ್ಲ. ಡಾಕ್ಟರಿಗೆ ಪ್ರತಿಯೊಂದೂ ಗುರುತು. ಸೆಟೆದಿದ್ದು ಬಲಗೈ, ಚಿವುಟಿದ್ದು ಎಡಗೈ, ಮೂಗು ಒರೆಸಿದ್ದೂ ಎಡಗೈ, ಆಮೇಲೆ ಮಾತು ತಡವಾಗಿ ಬಂತು. ನಾಲ್ಕೂ ಒಂದೇ ಕಡೆ ಬೆರಳು ಮಾಡುತ್ತಿದ್ದವು, ಎಡ ಟೆಂಪೊರಲ್ ಲೋಬ್. ತಂತಿಯ ಗೆರೆಗಳೂ ಅದನ್ನೇ ಹೇಳಿದವು. ಒಂದೇ ಫಿಟ್ಸ್ ನೋಡಿ ತೀರ್ಮಾನ ಮಾಡುವುದಿಲ್ಲ, ಮೂರ್ನಾಲ್ಕಾದರೂ ಸಿಗುವ ತನಕ ಕಾಯುತ್ತಾರೆ.

ಪೆಟ್, ಸ್ಪೆಕ್ಟ್, ಎಂಇಜಿ ಇವೆಲ್ಲ ಎಲ್ಲರಿಗೂ ಬೇಕಾ?

ಬೇಡ. ಎಂಆರ್‌ಐ ಮತ್ತು ವಿಡಿಯೋ ಇಇಜಿ ಒಂದೇ ಮಾತು ಹೇಳಿದರೆ ಎಷ್ಟೋ ಸಲ ಅಷ್ಟೇ ಸಾಕು. ಎರಡೂ ಹೊಂದದಿದ್ದಾಗ, ಎಂಆರ್‌ಐನಲ್ಲಿ ಏನೂ ಕಾಣದಿದ್ದಾಗ ಉಳಿದವು ಬರುತ್ತವೆ.

ಪೆಟ್ ಸ್ಕ್ಯಾನ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಸಣ್ಣ ಪ್ರಮಾಣದ ವಿಕಿರಣ ಇರುವ ಗ್ಲೂಕೋಸನ್ನು ನರಕ್ಕೆ ಕೊಡುತ್ತಾರೆ. ಕಾಯಿಲೆಯ ಜಾಗ ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಗ್ಲೂಕೋಸನ್ನು ಕಡಿಮೆ ಬಳಸುತ್ತದೆ, ಚಿತ್ರದಲ್ಲಿ ಮಂಕಾಗಿ ಕಾಣುತ್ತದೆ. ಸ್ಪೆಕ್ಟ್ ಇದಕ್ಕೆ ಉಲ್ಟಾ. ಫಿಟ್ಸ್ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಇಂಜೆಕ್ಷನ್ ಕೊಡಬೇಕು. ಆ ಕ್ಷಣ ರಕ್ತ ಎಲ್ಲಿಗೆ ನುಗ್ಗಿತೋ ಅಲ್ಲೇ ಔಷಧ ಅಂಟಿಕೊಳ್ಳುತ್ತದೆ. ಫಿಟ್ಸ್ ನಿಂತ ಮೇಲೆ ನಿಧಾನಕ್ಕೆ ಸ್ಕ್ಯಾನ್ ಮಾಡಿದರೂ ಆ ಕ್ಷಣದ ಚಿತ್ರವೇ ಸಿಗುತ್ತದೆ. ಇಂಜೆಕ್ಷನ್ ಹಿಡಿದು ಹಾಸಿಗೆ ಪಕ್ಕ ಗಂಟೆಗಟ್ಟಲೆ ಕೂರುವವರ ತಾಳ್ಮೆ ದೊಡ್ಡದು. ಎಂಇಜಿ ಮೆದುಳಿನ ಕಾಂತಶಕ್ತಿಯ ಸಣ್ಣ ಏರಿಳಿತ ಹಿಡಿಯುವ ಯಂತ್ರ. ನಮ್ಮ ದೇಶದಲ್ಲಿ ಇರುವುದೇ ಅಪರೂಪ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಇಷ್ಟಾದರೂ ಜಾಗ ಖಚಿತವಾಗದಿದ್ದರೆ ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ತೆಳ್ಳನೆಯ ತಂತಿಗಳನ್ನು ಮೆದುಳಿನೊಳಗೇ ಇಳಿಸಿ ರೆಕಾರ್ಡ್ ಮಾಡುತ್ತಾರೆ. ಸ್ಟೀರಿಯೋ ಇಇಜಿ ಅನ್ನುತ್ತಾರೆ. ಪ್ಯಾರಿಸ್‌ನಲ್ಲಿ ತಲೈರಾಕ್ ಮತ್ತು ಬಾಂಕೋ ಅನ್ನುವ ಡಾಕ್ಟರುಗಳು ಬೆಳೆಸಿದ ವಿಧಾನ ಇದು.

ಮಾತು ಹೋಗಿಬಿಟ್ಟರೆ? ನೆನಪು ಅಳಿಸಿಹೋದರೆ?

ಅಮ್ಮ ಈ ಪ್ರಶ್ನೆಯನ್ನು ಡಾಕ್ಟರಿಗೆ ಕನಿಷ್ಠ ಐದು ಸಲ ಕೇಳಿದ್ದಾಳೆ. ಕೇಳಲೇಬೇಕಾದ ಪ್ರಶ್ನೆ.

1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಅನ್ನುವ ಯುವಕನಿಗೆ ಫಿಟ್ಸ್ ನಿಲ್ಲಿಸಲು ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಆ ದಿನದಿಂದ 2008ರಲ್ಲಿ ಸಾಯುವ ತನಕ ಹೊಸದೇನೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ನೆನಪು ಹಿಪೊಕ್ಯಾಂಪಸ್ ಮೇಲೆ ನಿಂತಿದೆ ಅಂತ ಜಗತ್ತಿಗೆ ಗೊತ್ತಾಗಿದ್ದು ಅವರಿಂದ. ಅದಾದ ಮೇಲೆ ಎರಡೂ ಬದಿ ತೆಗೆಯುವುದನ್ನು ಬಿಟ್ಟರು. ಒಂದೇ ಬದಿ ತೆಗೆಯುತ್ತಾರೆ, ಅದಕ್ಕೂ ಮೊದಲು ಇನ್ನೊಂದು ಬದಿ ಗಟ್ಟಿಯಾಗಿದೆಯಾ ಅಂತ ನೋಡುತ್ತಾರೆ.

ನೋಡುವುದು ಹೇಗೆ? ಒಂದು, ನೆನಪಿನ ಪರೀಕ್ಷೆ. ಹದಿನೈದು ಪದ ಓದಿ ಹೇಳುತ್ತಾರೆ, ಎಷ್ಟು ನೆನಪಿದೆ ಹೇಳಿಸುತ್ತಾರೆ. ಹೀಗೇ ಐದು ಸಲ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುತ್ತಾರೆ. ಈ ಪರೀಕ್ಷೆ ರೋಗಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಆಗಬೇಕು. ಕನ್ನಡದಲ್ಲಿ ಬೇಕು ಅಂತ ಧೈರ್ಯವಾಗಿ ಕೇಳಿ. ಇಂಗ್ಲಿಷ್ ಬರದವನಿಗೆ ಇಂಗ್ಲಿಷ್ ಪದ ಕೊಟ್ಟರೆ ನೆನಪು ಕಡಿಮೆ ಅಂತಲೇ ಬರುತ್ತದೆ, ಅಲ್ವಾ?

ಎರಡು, ಫಂಕ್ಷನಲ್ ಎಂಆರ್‌ಐ. ಯಂತ್ರದೊಳಗೆ ಮಲಗಿ ಮನಸ್ಸಿನಲ್ಲೇ ಪದಗಳನ್ನು ಹೇಳಿಕೊಳ್ಳಬೇಕು. ತಮ್ಮನಿಗೆ 'ಕ' ಅಕ್ಷರದ ಪದ ಯೋಚಿಸು ಅಂದಿದ್ದರಂತೆ. ಕಾಗೆ, ಕತ್ತೆ, ಕೊಡಲಿ ಅಂತ ಅವನು ಯೋಚಿಸುವಾಗ ಮೆದುಳಿನ ಯಾವ ಭಾಗಕ್ಕೆ ರಕ್ತ ಜಾಸ್ತಿ ಹರಿಯುತ್ತದೋ ಅದು ಮಾತಿನ ಜಾಗ. ಮೊದಲು ಇದಕ್ಕೆ ವಾಡಾ ಪರೀಕ್ಷೆ ಮಾಡುತ್ತಿದ್ದರು, ಕತ್ತಿನ ರಕ್ತನಾಳದ ಮೂಲಕ ಅರ್ಧ ಮೆದುಳಿಗೆ ಮಾತ್ರ ಮಂಪರು ಬರಿಸಿ ಮಾತಾಡಿಸುವುದು. ಈಗ ಅದರ ಬಳಕೆ ಬಹಳ ಕಡಿಮೆ.

ಎಡಗಡೆ ಆಪರೇಷನ್ ಆದವರಲ್ಲಿ ಹೆಸರು, ಪದಗಳ ನೆನಪು ಸ್ವಲ್ಪ ಇಳಿಯುವುದು ಇದ್ದೇ ಇದೆ. ಮೊದಲು ನೆನಪು ಚೆನ್ನಾಗಿದ್ದವರಿಗೆ ನಷ್ಟ ಜಾಸ್ತಿ. ತಮ್ಮನದ್ದು ಮೊದಲೇ ಹಾಳಾಗಿತ್ತು, ಹಾಗಾಗಿ ಕಳೆದುಕೊಳ್ಳುವುದು ಕಡಿಮೆ ಅಂತ ಹೇಳಿದರು. ಆದರೂ ಮೊನ್ನೆ ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದು, "ಅದೇ ಅಕ್ಕ, ಸಾರಿಗೆ ಹಾಕೋ ಸೊಪ್ಪು" ಅಂದ. ಒಂದು ಗಳಿಗೆ ಬಿಟ್ಟು ಹೆಸರು ಬಂತು. ಇದನ್ನು ಮುಚ್ಚಿಟ್ಟು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ.

ಆಪರೇಷನ್ ದಿನ ಏನಾಗುತ್ತದೆ?

ಕಿವಿಯ ಮುಂದಿನಿಂದ ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲಿ ಚರ್ಮ ಬಿಡಿಸಿ, ಮೂಳೆಯ ಒಂದು ಬಿಲ್ಲೆ ತೆಗೆದು, ಟೆಂಪೊರಲ್ ಲೋಬಿನ ಮುಂಭಾಗ ಮತ್ತು ಹಿಪೊಕ್ಯಾಂಪಸ್ ತೆಗೆಯುತ್ತಾರೆ. ಮೂಳೆ ವಾಪಸ್ ಕೂರಿಸುತ್ತಾರೆ. ನಾಲ್ಕೈದು ಗಂಟೆಯ ಕೆಲಸ. ಮಾತು ಅಥವಾ ಕೈಕಾಲಿನ ಜಾಗಕ್ಕೆ ತೀರಾ ಹತ್ತಿರ ಇದ್ದರೆ ಎಚ್ಚರವಾಗಿಟ್ಟೇ ಮಾಡುವುದೂ ಇದೆ. ಮೆದುಳಿಗೆ ಸ್ವಂತ ನೋವು ಗೊತ್ತಾಗುವುದಿಲ್ಲ.

ಯಾರೂ ಮೊದಲೇ ಹೇಳದ ಒಂದು ವಿಷಯ: ದವಡೆ ನೋವು. ಅಗಿಯುವ ಸ್ನಾಯುವನ್ನು ಬಿಡಿಸಿ ಹೊಲಿದಿರುತ್ತಾರೆ. ಮನೆಗೆ ಬಂದಾಗ ತಮ್ಮನ ಬಾಯಿ ಎರಡು ಬೆರಳಷ್ಟೂ ತೆರೆಯುತ್ತಿರಲಿಲ್ಲ. ಚಪಾತಿ ಅಗಿಯಲು ಆಗಲಿಲ್ಲ. ಮುದ್ದೆಗೆ ಅಗಿಯುವ ಕೆಲಸವೇ ಇಲ್ಲ ನೋಡಿ, ಮೂರು ವಾರ ಮುದ್ದೆ, ಬಸ್ಸಾರೇ ಅವನನ್ನು ಸಾಕಿದ್ದು.

ಎಷ್ಟು ಜನರಿಗೆ ಗುಣವಾಗುತ್ತದೆ?

ಕೆನಡಾದ ಲಂಡನ್ ಊರಿನಲ್ಲಿ ಟೆಂಪೊರಲ್ ಲೋಬಿನ ಫಿಟ್ಸ್ ಇರುವ 80 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಮಾತ್ರೆ. 2001ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ಕೊನೆಗೆ ಎಚ್ಚರ ತಪ್ಪಿಸುವ ಫಿಟ್ಸ್ ಇಲ್ಲದವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 58, ಮಾತ್ರೆ ಗುಂಪಿನಲ್ಲಿ 8. ತೀರಿಕೊಂಡ ಒಬ್ಬರು ಮಾತ್ರೆ ಗುಂಪಿನವರು.

ದೆಹಲಿಯ ಏಮ್ಸ್‌ನಲ್ಲಿ 116 ಮಕ್ಕಳ ಮೇಲೆ ಇದೇ ಥರದ ಅಧ್ಯಯನ ನಡೆದು 2017ರಲ್ಲಿ ಪ್ರಕಟವಾಯಿತು. ಒಂದು ವರ್ಷಕ್ಕೆ ಫಿಟ್ಸ್ ಇಲ್ಲದವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 77, ಮಾತ್ರೆ ಗುಂಪಿನಲ್ಲಿ 7. ನಮ್ಮ ದೇಶದ ಮಕ್ಕಳು, ನಮ್ಮ ದೇಶದ ಡಾಕ್ಟರುಗಳು. ಆಪರೇಷನ್ ಆದ ಕೆಲವು ಮಕ್ಕಳಿಗೆ ಕೈಕಾಲಿನ ಬಲ ಕಡಿಮೆಯಾದಂಥ ತೊಂದರೆಯೂ ಆಗಿತ್ತು, ಅದನ್ನೂ ಹೇಳಬೇಕು. ಅರ್ಧ ಮೆದುಳನ್ನೇ ಬೇರ್ಪಡಿಸುವಂಥ ದೊಡ್ಡ ಆಪರೇಷನ್‌ನಲ್ಲಿ ಇದು ಮೊದಲೇ ಗೊತ್ತಿರುವ ಬೆಲೆ.

ಎಲ್ಲರಿಗೂ ಶಾಶ್ವತವಾಗಿ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ 615 ಜನರನ್ನು ವರ್ಷಗಟ್ಟಲೆ ಗಮನಿಸಿದಾಗ ಎಚ್ಚರ ಇರುವಾಗಲೇ ಬಂದುಹೋಗುವ ಸಣ್ಣ ಫಿಟ್ಸ್ ಬಿಟ್ಟರೆ ಐದು ವರ್ಷದ ತನಕ ಬೇರೇನೂ ಬರದವರು ನೂರಕ್ಕೆ 52, ಹತ್ತು ವರ್ಷಕ್ಕೆ 47. ಸ್ಕ್ಯಾನ್‌ನಲ್ಲಿ ಸ್ಪಷ್ಟ ಕಲೆ ಇದ್ದು ಅದನ್ನು ಪೂರ್ತಿ ತೆಗೆದವರಿಗೆ ಅವಕಾಶ ಜಾಸ್ತಿ. ಏನೂ ಕಾಣದವರಿಗೆ ಕಡಿಮೆ. ನಿಮ್ಮ ಡಾಕ್ಟರಿಗೆ ಕೇಳಬೇಕಾದ್ದು "ನೂರಕ್ಕೆ ಎಷ್ಟು?" ಅಂತ ಅಲ್ಲ, "ನಮ್ಮ ಥರದ ಸ್ಕ್ಯಾನ್ ಇರುವ ನೂರು ಜನರಲ್ಲಿ ಎಷ್ಟು?" ಅಂತ.

ಅಪಾಯ ಏನೇನು?

ಸೋಂಕು, ರಕ್ತಸ್ರಾವ, ಅಪರೂಪಕ್ಕೆ ಪಾರ್ಶ್ವವಾಯು. ಟೆಂಪೊರಲ್ ಲೋಬ್ ಆಪರೇಷನ್‌ನಲ್ಲಿ ದೃಷ್ಟಿಯ ಮೇಲಿನ ಮೂಲೆಯ ಸ್ವಲ್ಪ ಭಾಗ ಹೋಗುವುದು ಸಾಕಷ್ಟು ಜನರಿಗೆ ಆಗುತ್ತದೆ, ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ಮನಸ್ಸು ಕುಗ್ಗುವುದು ಇದೆ. ತಮ್ಮ ಸುಮಾರು ಎರಡು ತಿಂಗಳು ಕಾರಣವಿಲ್ಲದೆ ಅಳುತ್ತಿದ್ದ. ಹೀಗಾದರೆ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ಪ್ರಾಣಾಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ.

ಏನೂ ಮಾಡಿಸದೆ ಇರುವುದರಲ್ಲೂ ಅಪಾಯ ಇದೆ ಅನ್ನುವುದನ್ನು ಜನ ಮರೆಯುತ್ತಾರೆ. ಬಾವಿಕಟ್ಟೆ, ಒಲೆ, ರಸ್ತೆ ಒಂದು ಕಡೆ. ಮೂರ್ಛೆ ರೋಗ ಇರುವ ಸಾವಿರ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಒಬ್ಬರು, ಬೇರೆ ಕಾರಣ ಸಿಗದೆ, ಹೆಚ್ಚಾಗಿ ನಿದ್ದೆಯಲ್ಲಿ ತೀರಿಕೊಳ್ಳುತ್ತಾರೆ. ಮೈಯೆಲ್ಲ ಅದುರುವ ದೊಡ್ಡ ಫಿಟ್ಸ್ ನಿಲ್ಲದವರಲ್ಲಿ ಇದು ಇನ್ನೂ ಜಾಸ್ತಿ.

ಎಲ್ಲಿ ಮಾಡಿಸುವುದು? ಖರ್ಚು?

ನಮ್ಮ ದೇಶದಲ್ಲಿ ಇದು ಹೊಸದಲ್ಲ. ಕೆನಡಾದಲ್ಲಿ ಪೆನ್‌ಫೀಲ್ಡ್ ಅನ್ನುವ ಹೆಸರಾಂತ ಮೆದುಳಿನ ಸರ್ಜನ್ ಹತ್ತಿರ ಕಲಿತು ಬಂದ ಡಾ. ಜೇಕಬ್ ಚಾಂಡಿ 1952ರಲ್ಲೇ ವೆಲ್ಲೂರಿನ ಸಿಎಂಸಿಯಲ್ಲಿ ಮಾಡಿದ್ದರು. ಈಗ ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ, ದೆಹಲಿಯ ಏಮ್ಸ್‌ನಂಥ ಸರ್ಕಾರಿ ಸಂಸ್ಥೆಗಳಲ್ಲಿ ಇದಕ್ಕೆಂದೇ ತಂಡಗಳಿವೆ. ಶ್ರೀ ಚಿತ್ರಾದಲ್ಲಿ 1995ರಿಂದ ನಡೆಯುತ್ತಿದೆ. ಖಾಸಗಿಯಲ್ಲೂ ಇದೆ. ಬಿಪಿಎಲ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದರೆ ಮೊದಲ ದಿನವೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಭೇಟಿ ಮಾಡಿ. ಸರ್ಕಾರಿ ಜಾಗದಲ್ಲಿ ಸರದಿ ಉದ್ದ. ಅದಕ್ಕೇ ಹೆಸರು ಬೇಗ ಬರೆಸಿ ಅನ್ನುವುದು.

ನಿಮಗೆ ಆಪರೇಷನ್ ಆಗುವುದಿಲ್ಲ ಅಂತ ಹೇಳಿಬಿಟ್ಟರೆ?

ಇಡೀ ಮೆದುಳಿನಿಂದ ಒಟ್ಟಿಗೇ ಹೊರಡುವ ಜಾತಿಯ ಫಿಟ್ಸ್‌ಗೆ ತೆಗೆಯಲು ಒಂದು ಜಾಗ ಅಂತ ಇರುವುದಿಲ್ಲ. ಆಗ ಕತ್ತಿನ ವೇಗಸ್ ನರಕ್ಕೆ ಪೇಸ್‌ಮೇಕರ್‌ನಂಥ ಯಂತ್ರ ಜೋಡಿಸುವುದು, ಮಕ್ಕಳಿಗೆ ಕೀಟೋಜೆನಿಕ್ ಆಹಾರ (ಕೊಬ್ಬು ಬಹಳ, ಅನ್ನ ಸಕ್ಕರೆ ತೀರಾ ಕಡಿಮೆ), ದಿಢೀರನೆ ಬೀಳುವ ಫಿಟ್ಸ್‌ಗೆ ಮೆದುಳಿನ ಎರಡು ಅರ್ಧಗಳ ನಡುವಿನ ಸೇತುವೆ ಕತ್ತರಿಸುವುದು, ಹೀಗೆ ಬೇರೆ ದಾರಿ ಇವೆ. ಇವು ಹೆಚ್ಚಾಗಿ ಕಡಿಮೆ ಮಾಡುತ್ತವೆ, ಪೂರ್ತಿ ನಿಲ್ಲಿಸುವುದು ಅಪರೂಪ.

ಬಿಸಿನೀರು ತಲೆಗೆ ಹಾಕಿಕೊಂಡಾಗ ಬರುವ ಫಿಟ್ಸ್‌ಗೂ ಆಪರೇಷನ್ ಬೇಕಾ?

ಸಾಮಾನ್ಯವಾಗಿ ಬೇಡ. ನಮ್ಮ ಮೈಸೂರು, ಮಂಡ್ಯ, ಚಾಮರಾಜನಗರ ಕಡೆ ಇದು ಬೇರೆ ಕಡೆಗಿಂತ ಜಾಸ್ತಿ, ನಿಮ್ಹಾನ್ಸ್‌ನವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಉಗುರುಬೆಚ್ಚಗಿನ ನೀರು, ಡಾಕ್ಟರು ಹೇಳಿದರೆ ತಲೆಸ್ನಾನಕ್ಕೆ ಮುಂಚೆ ಒಂದು ಕ್ಲೋಬಜಾಮ್, ಬಹಳ ಜನರಿಗೆ ಅಷ್ಟೇ ಸಾಕಾಗುತ್ತದೆ.

ಆಪರೇಷನ್ ಆದ ಮೇಲೆ ಮಾತ್ರೆ, ಗಾಡಿ, ಮದುವೆ?

ಮಾತ್ರೆ ತಕ್ಷಣ ನಿಲ್ಲಿಸುವುದಿಲ್ಲ. ಒಂದೆರಡು ವರ್ಷ ಫಿಟ್ಸ್ ಬರದಿದ್ದರೆ ಒಂದೊಂದೇ ಇಳಿಸುತ್ತಾರೆ. ತಮ್ಮ ಈಗ ಮೂರರಿಂದ ಒಂದಕ್ಕೆ ಬಂದಿದ್ದಾನೆ. ಆ ಒಂದನ್ನು ಬಿಡಲು ಅವನಿಗೇ ಇಷ್ಟವಿಲ್ಲ, ಡಾಕ್ಟರೂ ಒಪ್ಪಿದ್ದಾರೆ. ಆಪರೇಷನ್ ಆದ ಮೊದಲ ವಾರದಲ್ಲಿ ಒಂದು ಫಿಟ್ಸ್ ಬಂದರೆ ಎಲ್ಲ ವ್ಯರ್ಥ ಆಯಿತು ಅಂದುಕೊಳ್ಳಬೇಡಿ, ಗಾಯದ ಊತಕ್ಕೂ ಬರುತ್ತದೆ.

ಗಾಡಿ ಓಡಿಸುವುದನ್ನು ಡಾಕ್ಟರು ಬರೆದುಕೊಡುವ ತನಕ ಮುಟ್ಟಬೇಡಿ. ಲೈಸೆನ್ಸ್ ಅರ್ಜಿಯಲ್ಲೇ ಮೂರ್ಛೆ ರೋಗದ ಪ್ರಶ್ನೆ ಇರುತ್ತದೆ, ಸುಳ್ಳು ಬರೆಯಬೇಡಿ.

ಮದುವೆಗೆ ಕಾನೂನಿನ ಅಡ್ಡಿ ಇಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಮೂರ್ಛೆ ರೋಗದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಮುಚ್ಚಿಟ್ಟು ಮದುವೆ ಮಾಡುವುದು ಮಾತ್ರ ಬೇಡ. ಮುಚ್ಚಿಟ್ಟ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಮಾತ್ರೆ ನುಂಗಲು ಬಚ್ಚಲುಮನೆಗೆ ಹೋಗುತ್ತಾರೆ, ಹೋಗಲಾಗದ ದಿನ ಡೋಸ್ ತಪ್ಪುತ್ತದೆ. ಮಗು ಬಯಸುವವರು ಮೊದಲೇ ಡಾಕ್ಟರ ಹತ್ತಿರ ಹೋಗಿ, ವಾಲ್ಪ್ರೋಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ.

ಮೊದಲ ಭೇಟಿಗೆ ಏನು ತೆಗೆದುಕೊಂಡು ಹೋಗಬೇಕು?

ಹಳೇ ಸ್ಕ್ಯಾನಿನ ರಿಪೋರ್ಟ್ ಕಾಗದ ಮಾತ್ರ ಅಲ್ಲ, ಫಿಲ್ಮ್ ಅಥವಾ ಸಿಡಿ. ಇಲ್ಲಿಯ ತನಕ ಕೊಟ್ಟ ಮಾತ್ರೆಗಳ ಹೆಸರು, ಎಷ್ಟು ಎಂಜಿ, ಎಷ್ಟು ತಿಂಗಳು. ಯಾವ ದಿನ ಫಿಟ್ಸ್ ಬಂತು ಅಂತ ಗುರುತು ಹಾಕಿದ ಕ್ಯಾಲೆಂಡರ್. ನಮ್ಮದು ಗೋಡೆಯ ಪಂಚಾಂಗದ ಕ್ಯಾಲೆಂಡರೇ, ಅಮ್ಮ ಕೆಂಪು ಪೆನ್ನಲ್ಲಿ ಚುಕ್ಕಿ ಇಟ್ಟಿದ್ದಳು.

ಎಲ್ಲಕ್ಕಿಂತ ಮುಖ್ಯ, ಫೋನಿನಲ್ಲಿ ತೆಗೆದ ಒಂದು ವಿಡಿಯೋ. ಮೊದಲು ಅವರನ್ನು ಒಂದು ಬದಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಐದು ನಿಮಿಷ ದಾಟಿದರೆ ವಿಡಿಯೋ ಬಿಟ್ಟು ಆಸ್ಪತ್ರೆಗೆ ಹೊರಡಿ. ಇನ್ನೊಬ್ಬರು ಇದ್ದರೆ ಅವರು ಫೋನ್ ಹಿಡಿಯಲಿ. ಲೈಟ್ ಹಾಕಿ, ಹೊದಿಕೆ ತೆಗೆಯಿರಿ, ಮುಖ ಮತ್ತು ಎರಡೂ ಕೈ ಕಾಣುವಷ್ಟು ದೂರ ನಿಲ್ಲಿ. ಹೆಸರು ಹಿಡಿದು ಕೂಗಿ, ಒಂದು ಪದ ಹೇಳಿ. ನಿಂತ ಮೇಲೂ ರೆಕಾರ್ಡ್ ನಿಲ್ಲಿಸಬೇಡಿ. ಕೈಗೆ ಸಿಕ್ಕ ಚಮಚವನ್ನೋ ಬಾಚಣಿಗೆಯನ್ನೋ ತೋರಿಸಿ ಇದೇನು ಅಂತ ಕೇಳಿ, ಸರಿಯಾದ ಹೆಸರು ಹೇಳುವ ತನಕ.